ಟೆನೆಸ್ಸೀ ನಾಡಿನ ಕ್ರಾಕೆಟ್ ವಂಶಾವಳಿ: ಐತಿಹ್ಯವೂ ಪತ್ರಪ್ರಮಾಣವೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಮೊದಲುಗೊಂಡು ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ, ಅಪಲಾಚಿಯನ್ ಪರ್ವತಶ್ರೇಣಿಯನ್ನು ದಾಟಿ ಪಶ್ಚಿಮದ ಅರಣ್ಯಗಳಲ್ಲಿ ಮೊದಲು ಮನೆ ಕಟ್ಟಿದ ವಲಸೆಗಾರರ ಮನೆತನಗಳು ಅನೇಕವಾಗಿವೆ. ಅವುಗಳಲ್ಲಿ ಕ್ರಾಕೆಟ್ ಮನೆತನದ ಹೆಸರು ಲೋಕವಿದಿತವಾದುದು. ಈ ಮನೆತನದ ಡೇವಿಡ್ ಕ್ರಾಕೆಟನು (೧೭೮೬-೧೮೩೬) ಬೇಟೆಗಾರನೆಂದೂ, ಟೆನೆಸ್ಸೀ ಸಂಸ್ಥಾನದ ಪ್ರತಿನಿಧಿಯಾಗಿ ವಾಷಿಂಗ್ಟನ್ ನಗರದ ಕಾಂಗ್ರೆಸ್ ಸಭೆಯಲ್ಲಿ ಕುಳಿತವನೆಂದೂ, ಟೆಕ್ಸಸ್ ನಾಡಿನ ಅಲಮೊ ಕೋಟೆಯಲ್ಲಿ ಮಡಿದವನೆಂದೂ ಪ್ರಸಿದ್ಧನಾದನು. ಅವನು ಬದುಕಿರುವಾಗಲೇ, ೧೮೩೧ರಲ್ಲಿ, ಅವನನ್ನು ಹೋಲುವ ಪಾತ್ರವೊಂದು ನ್ಯೂಯಾರ್ಕಿನ ರಂಗಭೂಮಿಯ ಮೇಲೆ ಕಾಣಿಸಿಕೊಂಡಿತು. ೧೮೩೫ನೆಯ ವರ್ಷದಿಂದ ಅವನ ಹೆಸರನ್ನು ಹೊತ್ತ ವಾರ್ಷಿಕ ಪಂಚಾಂಗಗಳು ಹೊರಟು ಅವನ ವಿಷಯವಾದ ಅದ್ಭುತಕಥೆಗಳನ್ನು ಊರೂರಿಗೂ ಹರಡಿದವು.

ಪುರುಷನೊಬ್ಬನು ಪ್ರಸಿದ್ಧನಾದ ಮೇಲೆ ಅವನ ಪೂರ್ವಿಕರನ್ನು ಹುಡುಕುವ ಕುತೂಹಲವು ಜನರಲ್ಲಿ ಹುಟ್ಟುವುದು ಸಹಜ. ಕ್ರಾಕೆಟ್ ವಂಶದ ವಿಷಯದಲ್ಲಿಯೂ ಹಾಗೆಯೇ ಆಯಿತು. ಇದರ ಫಲವಾಗಿ ಈಗ ಆ ಮನೆತನಕ್ಕೆ ಎರಡು ವಂಶಾವಳಿಗಳಿವೆ. ಒಂದು ದೀರ್ಘವಾದುದು, ಅದು ಫ್ರಾನ್ಸ್ ದೇಶದ ಕುಲೀನರಿಂದ ಆರಂಭವಾಗುತ್ತದೆ. ಇನ್ನೊಂದು ಹ್ರಸ್ವವಾದುದು, ಅದು ವಟಾಗ ನದಿಯ ತೀರದ ವಲಸೆಗಾರನೊಬ್ಬನ ಸಹಿಯಿಂದ ಆರಂಭವಾಗುತ್ತದೆ. ಇವುಗಳಲ್ಲಿ ಯಾವುದು ನಂಬತಕ್ಕುದು, ಎಷ್ಟರಮಟ್ಟಿಗೆ ನಂಬತಕ್ಕುದು, ನಂಬತಕ್ಕ ವಂಶಾವಳಿಯೂ ಯಾರನ್ನು ಹೊರಗೆ ಬಿಟ್ಟಿದೆ ಎಂಬ ಮೂರು ಪ್ರಶ್ನೆಗಳೇ ಇಲ್ಲಿ ವಿಚಾರಿಸತಕ್ಕ ವಿಷಯ.

೨. ದೀರ್ಘವಾದ ವಂಶಾವಳಿ

೧೯೨೮ರಲ್ಲಿ ಜೇನಿ ಫ್ರೆಂಚ್ ಮತ್ತು ಜೆಲ್ಲಾ ಆರ್ಮ್‌ಸ್ಟ್ರಾಂಗ್ ಎಂಬ ಇಬ್ಬರು ವಿದುಷಿಯರು ಕ್ರಾಕೆಟ್ ಕುಟುಂಬವನ್ನೂ ಅದರ ಸಂಬಂಧಿಗಳನ್ನೂ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅದು ದಕ್ಷಿಣದ ಗಣ್ಯ ಕುಟುಂಬಗಳ ಚರಿತ್ರೆಯ ಮಾಲೆಯಲ್ಲಿ ಐದನೆಯ ಸಂಪುಟ. ಈ ಸಂಪ್ರದಾಯದ ಪ್ರಕಾರ ವಂಶದ ಮೂಲಪುರುಷನು ಕ್ರಾಕೆತಾನ್ಯ ಎಂಬ ಉಪನಾಮವುಳ್ಳ ಫ್ರೆಂಚ್ ಕುಲೀನನು. ಅವನ ಮಗನಾದ ಆಂಟ್ವಾನನು ಹದಿನಾಲ್ಕನೆಯ ಲೂಯಿ ದೊರೆಯ ಅರಮನೆಯ ಕಾವಲುಪಡೆಯಲ್ಲಿ ಅಧಿಕಾರಿಯಾಗಿದ್ದು, ಪ್ರಾಟೆಸ್ಟೆಂಟ್ ಮತವನ್ನು ಹಿಡಿದು, ಸ್ವದೇಶವನ್ನು ಬಿಟ್ಟು ಐರ್ಲೆಂಡಿಗೆ ಬಂದು ನೆಲೆಸಿದನು; ಅಲ್ಲಿ ಉಪನಾಮವು ಕ್ರಾಕೆಟ್ ಎಂದು ಮಾರ್ಪಟ್ಟಿತು; ಅವನ ಸಂತತಿಯವರು ಅಮೆರಿಕಕ್ಕೆ ವಲಸೆಹೋದರು. ೧೬೮೫ರಲ್ಲಿ ಲೂಯಿ ದೊರೆಯು ನ್ಯಾಂಟ್ಸ್ ಶಾಸನವನ್ನು ರದ್ದುಮಾಡಿದುದರಿಂದ ಹ್ಯೂಗೆನಾಟ್ ಎನಿಸಿಕೊಂಡ ಪ್ರಾಟೆಸ್ಟೆಂಟರು ಸಹಸ್ರಾರು ಮಂದಿ ದೇಶತ್ಯಾಗ ಮಾಡಿದುದು ನಿಸ್ಸಂದೇಹವಾದ ಇತಿಹಾಸ. ಆದುದರಿಂದ ಕಥೆಯು ಅಸಂಭವವಾದುದಲ್ಲ. ಆದರೆ ಸಂಭವವೇ ಸಿದ್ಧಿಯಲ್ಲ.

'ಐತಿಹ್ಯ'ವೆಂಬುದನ್ನು ನಮ್ಮ ಪ್ರಾಚೀನ ಪ್ರಮಾಣಶಾಸ್ತ್ರಜ್ಞರು ಮೊದಲು ಹೇಳಿದವನು ಯಾರೆಂದು ನಿರ್ದೇಶಿಸಲಾಗದ, ಪರಂಪರೆಯಾಗಿ ಬಂದ ಮಾತು ಎಂದು ಲಕ್ಷಣೀಕರಿಸಿದ್ದಾರೆ. ನೈಯಾಯಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ, ಆಪ್ತನ ಮಾತಾಗಿದ್ದರೆ ಶಬ್ದದಲ್ಲಿಯೇ ಸೇರಿಸಬಹುದು, ಇಲ್ಲದಿದ್ದರೆ ಪ್ರಮಾಣವೇ ಅಲ್ಲ ಎಂದರು. ಕ್ರಾಕೆತಾನ್ಯ ಕಥೆಗೆ ಈ ಒರೆಗಲ್ಲನ್ನು ಹಿಡಿಯಬೇಕಾಗಿದೆ. ಫ್ರಾನ್ಸಿನ ಆಂಟ್ವಾನನಿಗೂ ಟೆನೆಸ್ಸೀಯ ಕ್ರಾಕೆಟರಿಗೂ ನಡುವೆ ಇರುವ ಪ್ರತಿಯೊಂದು ತಲೆಮಾರಿಗೂ, ಇವನು ಇವನ ಮಗನೆಂದು ಹೇಳುವ ಸಮಕಾಲೀನ ಪತ್ರವಿರಬೇಕು. ಅಂಥ ಪತ್ರಗಳ ಸರಪಣಿಯು ಈ ಸಂಪ್ರದಾಯಕ್ಕೆ ಬೆಂಬಲವಾಗಿ ಬಂದಿಲ್ಲ. ಸರಪಣಿಯ ಒಂದು ಕೊಂಡಿ ಕಳಚಿದರೂ ಮೇಲಿನ ಹೆಸರುಗಳೆಲ್ಲವೂ ನಿರಾಧಾರವಾಗುತ್ತವೆ.

ಇದಲ್ಲದೆ, ಕ್ರಾಕೆಟ್ ಎಂಬುದು ಸ್ಕಾಟ್ಲೆಂಡ್ ದೇಶದಲ್ಲಿ ಪ್ರಸಿದ್ಧವಾದ ಉಪನಾಮವೇ ಆಗಿದೆ. ಗ್ಯಾಲೊವೇ ಪ್ರಾಂತದಲ್ಲಿ ಹುಟ್ಟಿದ ಕಾದಂಬರಿಕಾರನಾದ ಎಸ್. ಆರ್. ಕ್ರಾಕೆಟನು (೧೮೫೯-೧೯೧೪) ಇದಕ್ಕೆ ನಿದರ್ಶನ. ಹದಿನೇಳನೆಯ ಶತಮಾನದ ಆದಿಭಾಗದಿಂದ ಸ್ಕಾಟ್ಲೆಂಡಿನ ಒಕ್ಕಲುಗಳು ಐರ್ಲೆಂಡಿನ ಉತ್ತರಭಾಗವಾದ ಅಲ್ಸ್ಟರಿನಲ್ಲಿ ನೆಲೆಸಿದುದೂ, ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಂದ ಅಮೆರಿಕಕ್ಕೆ ಅವರ ಮಹಾವಲಸೆ ನಡೆದುದೂ ಸರ್ವರಿಗೂ ತಿಳಿದಿದೆ. ಆ ದಾರಿಯಿಂದಲೇ ಕ್ರಾಕೆಟ್ ಎಂಬ ಹೆಸರು ಟೆನೆಸ್ಸೀಯನ್ನು ಮುಟ್ಟಿತೆಂದು ಹೇಳುವಲ್ಲಿ ಲಾಘವವಿದೆ. ಫ್ರೆಂಚ್ ಹೆಸರೊಂದು ವಿಕಾರಹೊಂದಿ ಸ್ಕಾಟಿಷ್ ಹೆಸರಿನ ರೂಪವನ್ನೇ ತಳೆಯಿತೆಂದು ಹೇಳುವಲ್ಲಿ ಗೌರವವಿದೆ. ಲಾಘವವುಳ್ಳ ಪಕ್ಷವು ಸಾಧುವಾಗಿರುವಾಗ ಗೌರವಪಕ್ಷವನ್ನು ಹಿಡಿಯಲು ವಿಶೇಷ ಪ್ರಮಾಣ ಬೇಕು.

ಇನ್ನು ಮೂರನೆಯ ವಿಚಾರ. ೧೮೩೪ರಲ್ಲಿ ಡೇವಿಡ್ ಕ್ರಾಕೆಟನು ಕೆಂಟಕಿಯ ಕಾಂಗ್ರೆಸ್ ಸದಸ್ಯನಾದ ತಾಮಸ್ ಚಿಲ್ಟನನ ನೆರವಿನಿಂದ ತನ್ನ ಜೀವನವೃತ್ತಾಂತವನ್ನು ಬರೆದು ಫಿಲಡೆಲ್ಫಿಯದಲ್ಲಿ ಪ್ರಕಟಿಸಿದನು. ಅದರಲ್ಲಿ ತನ್ನ ತಂದೆ ಐರಿಷ್ ಮೂಲದವನೆಂದೂ, ಐರ್ಲೆಂಡಿನಲ್ಲಿ ಅಥವಾ ಸಮುದ್ರಯಾನದ ಮಧ್ಯದಲ್ಲಿ ಹುಟ್ಟಿದವನೆಂದೂ ಹೇಳಿದ್ದಾನೆ. ಫ್ರಾನ್ಸಿನ ಪ್ರಸ್ತಾಪವೇ ಅಲ್ಲಿಲ್ಲ. ಈ ಮೌನವನ್ನು ಪ್ರಮಾಣವೆಂದು ಹಿಡಿಯಬಹುದೆ? ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವ ಸಿದ್ಧಿಸುತ್ತದೆ ಎಂದು ನಿಯಮಮಾಡಿದರು. ಬಡವರ ಮಗನೆಂಬ ಕೀರ್ತಿಯಿಂದಲೇ ಮತದಾರರ ಮನಸ್ಸನ್ನು ಗೆದ್ದ ಡೇವಿಡನು, ತನ್ನ ಕುಲೀನಮೂಲವು ತಿಳಿದಿದ್ದರೂ ಅದನ್ನು ಮರೆಮಾಡಿರಬಹುದು. ಆದುದರಿಂದ ಮೌನವೊಂದೇ ಸಾಲದು. ಆದರೆ ಅದೇ ವಾಕ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂದೆಯು ಹುಟ್ಟಿದುದು ನೆಲದ ಮೇಲೋ ನೀರಿನ ಮೇಲೋ ಎಂಬುದನ್ನು ಮಗನೇ ನಿಶ್ಚಯವಾಗಿ ಬಲ್ಲವನಲ್ಲ. ಈಚಿನ ಸಂಶೋಧಕರು ಆ ತಂದೆಯು ಸುಮಾರು ೧೭೫೩ರಲ್ಲಿ ವರ್ಜೀನಿಯ ಪ್ರಾಂತದ ಫ್ರೆಡರಿಕ್ ಕೌಂಟಿಯಲ್ಲಿ ಹುಟ್ಟಿದವನೆಂದು ಎಣಿಸುತ್ತಾರೆ. ಒಂದು ತಲೆಮಾರಿನ ಹಿಂದಣ ಸಂಗತಿಯೇ ಹೀಗೆ ಮಸಕಾಗಿದ್ದ ಮನೆಯಲ್ಲಿ, ಹಲವು ತಲೆಮಾರುಗಳ ಹಿಂದಣ ಫ್ರೆಂಚ್ ಹೆಸರುಗಳು ಅಕ್ಷರ ತಪ್ಪದೆ ಉಳಿದು ಬಂದವೆಂಬುದು ನಂಬಲರ್ಹವಾಗಿ ತೋರುವುದಿಲ್ಲ.

ಹಾಗಾದರೆ ಈ ಕಥೆ ಏಕೆ ಬೆಳೆಯಿತು? ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ಸಂಸ್ಥಾನಗಳಲ್ಲಿ ಕುಲಾಭಿಮಾನವು ಒಂದು ಸಮಾಧಾನವಾಗಿ ಪರಿಣಮಿಸಿತು. ಹ್ಯೂಗೆನಾಟ್ ಸಂತತಿಯವರ ಸಂಘಗಳು ೧೮೮೩ರಲ್ಲಿ ನ್ಯೂಯಾರ್ಕಿನಲ್ಲಿಯೂ, ೧೮೮೫ರಲ್ಲಿ ದಕ್ಷಿಣ ಕರೋಲಿನದಲ್ಲಿಯೂ ಸ್ಥಾಪಿತವಾದವು. ೧೮೯೦ರಲ್ಲಿ 'ಅಮೆರಿಕನ್ ಕ್ರಾಂತಿಯ ಪುತ್ರಿಯರು' ಎಂಬ ಸಂಸ್ಥೆ ಹುಟ್ಟಿತು. ಅದರ ಸದಸ್ಯತ್ವಕ್ಕೆ ಸ್ವಾತಂತ್ರ್ಯಯುದ್ಧದಲ್ಲಿ ಸೇವೆ ಸಲ್ಲಿಸಿದ ಪೂರ್ವಿಕನನ್ನು ತೋರಿಸಬೇಕು. ವಂಶಾವಳಿಗೆ ಹೀಗೆ ಬೇಡಿಕೆ ಹೆಚ್ಚಿದಾಗ ಪೂರೈಕೆಯೂ ಹೆಚ್ಚಿತು. ರಾಜರ ಪ್ರಶಸ್ತಿಗಳನ್ನು ಬರೆದ ಕವಿಗಳು ತಮ್ಮ ಪ್ರಭುವನ್ನು ಚಂದ್ರನಿಗೋ ಸೂರ್ಯನಿಗೋ ಸೇರಿಸಿದಂತೆ, ಪ್ರಜಾಪ್ರಭುತ್ವದ ನಾಡಿನಲ್ಲಿಯೂ ಬೇಟೆಗಾರನನ್ನು ದೊರೆಯ ಕಾವಲುಪಡೆಗೆ ಸೇರಿಸಿದರು.

೩. ಹ್ರಸ್ವವಾದ ವಂಶಾವಳಿ: ಪಿತಾಮಹನು

ಪತ್ರಪ್ರಮಾಣದಿಂದ ದೃಢವಾಗಿ ತೋರುವ ಮೊದಲ ಪುರುಷನು ಕಾಂಗ್ರೆಸ್ ಸದಸ್ಯನ ತಾತನು. ಅವನ ಹೆಸರೂ ಡೇವಿಡನೇ. ಇಂಗ್ಲೆಂಡಿನ ದೊರೆಯು ೧೭೬೩ರ ಘೋಷಣೆಯಿಂದ ಅಪಲಾಚಿಯನ್ ಪರ್ವತಗಳ ಪಶ್ಚಿಮಕ್ಕೆ ನೆಲೆಸಕೂಡದೆಂದು ವಿಧಿಸಿದ್ದನು. ಅದನ್ನು ಲೆಕ್ಕಿಸದೆ ವಲಸೆಗಾರರು ವಟಾಗ ನದಿಯ ಕಣಿವೆಯಲ್ಲಿ ಮನೆಗಳನ್ನು ಕಟ್ಟಿ, ೧೭೭೨ರಲ್ಲಿ ಚೆರೊಕೀ ಜನರಿಂದ ಆ ಭೂಮಿಯನ್ನು ಗುತ್ತಿಗೆಗೆ ಪಡೆದು, ೧೭೭೫ರಲ್ಲಿ ಕ್ರಯಕ್ಕೆ ಪಡೆದೆವೆಂದರು. ೧೭೭೬ರಲ್ಲಿ ಇವರು ತಮ್ಮ ಪ್ರದೇಶವನ್ನು ಉತ್ತರ ಕರೋಲಿನಕ್ಕೆ ಸೇರಿಸಿಕೊಳ್ಳಬೇಕೆಂದು ವಿಜ್ಞಾಪನಾಪತ್ರವೊಂದನ್ನು ಕಳುಹಿಸಿದರು. ಅದರ ಸಹಿಗಳಲ್ಲಿ ಡೇವಿಡ್ ಕ್ರಾಕೆಟ್, ವಿಲಿಯಂ ಕ್ರಾಕೆಟ್ ಎಂಬ ಎರಡು ಹೆಸರುಗಳಿವೆ.

ಮರುವರ್ಷವೇ, ೧೭೭೭ರಲ್ಲಿ, ಈಗಿನ ರಾಜರ್ಸ್‌ವಿಲ್ ಪಟ್ಟಣವಿರುವ ಸ್ಥಳದಲ್ಲಿ ಹಿರಿಯ ಡೇವಿಡನೂ ಅವನ ಪತ್ನಿಯೂ ತಮ್ಮ ಮನೆಯಲ್ಲಿಯೇ ಹತರಾದರು. ಮೊಮ್ಮಗನ ಗ್ರಂಥವು ಕೊಂದವರು ಕ್ರೀಕ್ ಜನರೆಂದು ಹೇಳುತ್ತದೆ. ಇತಿಹಾಸಕಾರರು ಡ್ರ್ಯಾಗಿಂಗ್ ಕನೂ ಎಂಬ ನಾಯಕನನ್ನು ಅನುಸರಿಸಿದ ಚೆರೊಕೀ ಪಂಗಡವನ್ನೂ ಇದರಲ್ಲಿ ಸೇರಿಸುತ್ತಾರೆ. ವಟಾಗ ಭೂಮಿಯ ಪರಭಾರೆಯನ್ನು ಒಪ್ಪದೆ ಯುದ್ಧಕ್ಕೆ ನಿಂತವನು ಅವನೇ. ಅದೇ ದಿನ ಮಕ್ಕಳಲ್ಲಿ ಜೋಸೆಫನ ತೋಳು ಗುಂಡಿನಿಂದ ಮುರಿಯಿತೆಂದೂ, ಕಿವುಡನೂ ಮೂಗನೂ ಆದ ಜೇಮ್ಸನು ಸೆರೆಸಿಕ್ಕಿ ಹದಿನೇಳು ವರ್ಷ ಒಂಬತ್ತು ತಿಂಗಳ ಕಾಲ ಅವರಲ್ಲಿಯೇ ಇದ್ದನೆಂದೂ, ಬಳಿಕ ಸೋದರರಾದ ವಿಲಿಯಂ ಮತ್ತು ಜಾನ್ ಎಂಬವರು ಅವನನ್ನು ಗುರುತಿಸಿ ವ್ಯಾಪಾರಿಯೊಬ್ಬನಿಂದ ಹಣಕೊಟ್ಟು ಬಿಡಿಸಿಕೊಂಡರೆಂದೂ ಆ ಗ್ರಂಥ ತಿಳಿಸುತ್ತದೆ. ಇಲ್ಲಿ ಗಮನಿಸತಕ್ಕುದು: ತಾತನನ್ನು ಕೊಂದವರು ಯಾರೆಂಬುದರಲ್ಲಿ ಸಂಶಯವಿದ್ದರೂ, ಸೆರೆಯ ಅವಧಿಯನ್ನು ಕುಟುಂಬವು ತಿಂಗಳ ಸಹಿತವಾಗಿ ನೆನಪಿಟ್ಟಿದೆ. ಮನೆಯವರ ನೆನಪು ತಮ್ಮ ನೋವನ್ನು ಎಣಿಸಿಕೊಳ್ಳುವಲ್ಲಿ ಸ್ಪಷ್ಟವಾಗಿದೆ. ಎದುರಿನವರ ಹೆಸರನ್ನು ಹೇಳುವಲ್ಲಿ ಮಾತ್ರ ಸ್ಪಷ್ಟವಾಗಿಲ್ಲ.

೪. ಜಾನ್ ಕ್ರಾಕೆಟ್, ರಾಜ್ಯ ಬದಲಾದರೂ ಊರು ಬದಲಾಗದುದು

ಆ ಸೋದರರಲ್ಲಿ ಜಾನನೇ ಕಾಂಗ್ರೆಸ್ ಸದಸ್ಯನ ತಂದೆ. ಅವನು ೧೭೮೦ನೆಯ ಅಕ್ಟೋಬರ್ ೭ರಂದು ನಡೆದ ಕಿಂಗ್ಸ್ ಮೌಂಟನ್ ಯುದ್ಧದಲ್ಲಿ ಹೋರಾಡಿದವನೆಂದು ಮಗನು ಬರೆದಿದ್ದಾನೆ. ಅವನ ಪತ್ನಿ ಮೇರಿಲೆಂಡಿನಲ್ಲಿ ಹುಟ್ಟಿದ ರೆಬೆಕ್ಕಾ ಹಾಕಿನ್ಸ್. ಇವರಿಗೆ ಆರು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು. ಡೇವಿಡನು ಐದನೆಯ ಮಗ. ಅವನು ೧೭೮೬ನೆಯ ಆಗಸ್ಟ್ ೧೭ರಂದು ನೋಲಿಚಕಿ ನದಿಯ ತೀರದಲ್ಲಿ ಹುಟ್ಟಿದನು.

ಡೇವಿಡನು ಯಾವ ರಾಜ್ಯದಲ್ಲಿ ಹುಟ್ಟಿದನೆಂದು ಕೇಳಿದರೆ ಒಂದು ಮಾತಿನ ಉತ್ತರ ಸಾಧ್ಯವಿಲ್ಲ. ಆ ತೀರವು ಉತ್ತರ ಕರೋಲಿನಕ್ಕೆ ಸೇರಿತ್ತು. ೧೭೮೪ರಲ್ಲಿ ಅಲ್ಲಿನವರು ಫ್ರಾಂಕ್ಲಿನ್ ಎಂಬ ಪ್ರತ್ಯೇಕ ರಾಜ್ಯವನ್ನು ಸ್ಥಾಪಿಸಿಕೊಂಡರು. ಕಾಂಗ್ರೆಸ್ ಅದನ್ನು ಅಂಗೀಕರಿಸದೆ ಕೆಲವೇ ವರ್ಷಗಳಲ್ಲಿ ಅದು ಅಳಿಯಿತು. ೧೭೯೦ರಲ್ಲಿ ಆ ನೆಲವು ಕೇಂದ್ರಾಡಳಿತದ ನೈಋತ್ಯ ಪ್ರಾಂತವಾಯಿತು. ೧೭೯೬ರಲ್ಲಿ ಟೆನೆಸ್ಸೀ ಸಂಸ್ಥಾನವಾಯಿತು. ಹತ್ತು ವರ್ಷದ ಹುಡುಗನೊಬ್ಬನು ತಾನಿದ್ದ ನಾಡನ್ನು ಬಿಡದೆಯೇ ನಾಲ್ಕು ಆಡಳಿತಗಳನ್ನು ಕಂಡಂತಾಯಿತು. ಆ ಕಾಲದ ಕಾಗದಗಳೂ ಹೀಗೆಯೇ ಚದುರಿಹೋಗಿವೆ. ಟೆನೆಸ್ಸೀಯ ೧೭೯೦, ೧೮೦೦ರ ಜನಗಣತಿಯ ಪಟ್ಟಿಗಳು ಉಳಿದಿಲ್ಲ. ೧೮೧೦ರದು ಬಹುಪಾಲು ನಷ್ಟವಾಗಿದೆ. ಉಳಿದಿರುವ ಹಳೆಯ ಗಣತಿಗಳಲ್ಲಿಯೂ, ೧೮೪೦ರ ವರೆಗೆ, ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆದು ಹೆಂಡಿರು ಮಕ್ಕಳನ್ನು ವಯಸ್ಸಿನ ಅಂಕಣಗಳಲ್ಲಿ ಸಂಖ್ಯೆಯಾಗಿ ಸೇರಿಸುವುದೇ ರೂಢಿಯಾಗಿತ್ತು. ಆದುದರಿಂದ ಈ ನಾಡಿನ ವಂಶಾವಳಿಕಾರನಿಗೆ ಆಧಾರವಾಗಿ ಉಳಿದವು ಭೂಮಿಯ ಪತ್ರಗಳು, ತೆರಿಗೆಯ ಪಟ್ಟಿಗಳು, ನ್ಯಾಯಾಲಯದ ನಡವಳಿಗಳು, ವಿವಾಹದ ಮುಚ್ಚಳಿಕೆಗಳು, ಮರಣಶಾಸನಗಳು ಇಷ್ಟೆ.

ಇವುಗಳಲ್ಲಿ ಜಾನನ ಹೆಸರು ಮುಖ್ಯವಾಗಿ ಸಾಲಗಾರನೆಂದೇ ಕಾಣುತ್ತದೆ. ಕೋವ್ ಕ್ರೀಕ್ ಎಂಬ ಹೊಳೆಯಲ್ಲಿ ಅವನು ಪಾಲುದಾರನೊಡನೆ ಕಟ್ಟುತ್ತಿದ್ದ ಗಿರಣಿಯನ್ನು ಪ್ರವಾಹವು ಕೊಚ್ಚಿಕೊಂಡುಹೋಯಿತು. ೧೭೯೫ರಲ್ಲಿ ಅವನ ೩೦೦ ಎಕರೆ ಭೂಮಿಯು ಸಾಲಕ್ಕಾಗಿ ಹರಾಜಾಯಿತು. ಬಳಿಕ ಅಬಿಂಗ್ಡನ್ನಿನಿಂದ ನಾಕ್ಸ್‌ವಿಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಬಂಡಿಯವರಿಗಾಗಿ ಒಂದು ಛತ್ರವನ್ನು ನಡೆಸಿದನು. ತಂದೆಯು ಇಬ್ಬರಿಗೆ ಕೊಡಬೇಕಾಗಿದ್ದ ೩೬ ಡಾಲರು ಮತ್ತು ೪೦ ಡಾಲರುಗಳ ಸಾಲವನ್ನು ಬಾಲಕನಾದ ಡೇವಿಡನು ಒಂದೊಂದಕ್ಕೆ ಆರು ತಿಂಗಳಂತೆ ದುಡಿದು ತೀರಿಸಿದನು. ಪಿತೃಋಣವೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

೫. ವಿವಾಹಪತ್ರಗಳೆರಡು

ಜೆಫರ್ಸನ್ ಕೌಂಟಿಯ ದಾಖಲೆಗಳಲ್ಲಿ ಡೇವಿಡ್ ಕ್ರಾಕೆಟನ ವಿವಾಹಕ್ಕೆ ಸಂಬಂಧಿಸಿದ ಎರಡು ಪತ್ರಗಳಿವೆ. ಒಂದು ೧೮೦೫ನೆಯ ಅಕ್ಟೋಬರ್ ೨೧ರದು. ಅದರಲ್ಲಿ ವಧುವಿನ ಹೆಸರು ಮಾರ್ಗರೆಟ್ ಎಲ್ಡರ್. ಇನ್ನೊಂದು ೧೮೦೬ನೆಯ ಆಗಸ್ಟ್ ೧೨ರದು; ಅದರಲ್ಲಿ ವಧುವಿನ ಹೆಸರು ಪಾಲಿ ಫಿನ್ಲೀ. ಈ ಪತ್ರಗಳನ್ನು ಮಾತ್ರ ನೋಡಿದವನು ಡೇವಿಡನಿಗೆ ಇಬ್ಬರು ಹೆಂಡಿರೆಂದೋ, ಮೊದಲನೆಯವಳು ವರ್ಷದೊಳಗೆ ತೀರಿಕೊಂಡಳೆಂದೋ ಬರೆದುಬಿಡಬಹುದು. ಆದರೆ ವಿವಾಹದ ಅನುಮತಿಪತ್ರವು ವಿವಾಹವಲ್ಲ, ವಿವಾಹಮಾಡಬಹುದೆಂಬ ಅಪ್ಪಣೆ. ಮುಚ್ಚಳಿಕೆಯೂ ವಿವಾಹವಲ್ಲ, ವಿವಾಹಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಹಣದ ಹೊಣೆಗೆ ಒಳಪಟ್ಟು ಬರೆದುಕೊಟ್ಟ ಮಾತು. ಮಾರ್ಗರೆಟಳು ಕಡೆಯ ಗಳಿಗೆಯಲ್ಲಿ ಅನ್ಯನನ್ನು ವರಿಸಿದಳೆಂಬ ಸಂಗತಿಯು ಸರಕಾರದ ಕಾಗದದಿಂದಲ್ಲ, ಡೇವಿಡನ ಸ್ವಂತ ಗ್ರಂಥದಿಂದ ತಿಳಿಯಬರುತ್ತದೆ.

ಹಿಂದಿನ ವಿಭಾಗಗಳಲ್ಲಿ ಪತ್ರವು ಕಥೆಯನ್ನು ತಿದ್ದಿತು. ಇಲ್ಲಿ ಕಥೆಯು ಪತ್ರವನ್ನು ತಿದ್ದುತ್ತದೆ. ಆದುದರಿಂದ ಕಾಗದವಿದ್ದುದೆಲ್ಲ ಸತ್ಯ, ಬಾಯಿಮಾತೆಲ್ಲ ಮಿಥ್ಯೆ ಎಂಬ ವಿಭಾಗವು ಸಲ್ಲದು. ಆ ಪತ್ರವು ಏತಕ್ಕಾಗಿ ಹುಟ್ಟಿತು, ಅದನ್ನು ಬರೆಸಿದವನಿಗೆ ಏನು ಬೇಕಾಗಿತ್ತು ಎಂಬುದನ್ನು ತಿಳಿದ ಮೇಲೆಯೇ ಅದು ಏನನ್ನು ಸಾಧಿಸುತ್ತದೆಂದು ನಿಶ್ಚಯಿಸಬೇಕು.

೬. ಸಂತತಿಯೂ ನಾಮಕರಣವೂ

ಪಾಲಿಯಲ್ಲಿ ಡೇವಿಡನಿಗೆ ಮೂವರು ಮಕ್ಕಳಾದರು: ೧೮೦೭ರಲ್ಲಿ ಜಾನ್ ವೆಸ್ಲಿ, ಬಳಿಕ ವಿಲಿಯಂ, ೧೮೧೨ರಲ್ಲಿ ಮಾರ್ಗರೆಟ್. ೧೮೧೧ರಲ್ಲಿ ಕುಟುಂಬವು ಲಿಂಕನ್ ಕೌಂಟಿಗೂ, ೧೮೧೩ರಲ್ಲಿ ಫ್ರಾಂಕ್ಲಿನ್ ಕೌಂಟಿಗೂ ಸಾಗಿತು. ಅದೇ ವರ್ಷ ಕ್ರೀಕ್ ಜನರೊಡನೆ ಯುದ್ಧ ಹುಟ್ಟಲು ಡೇವಿಡನು ಸೈನ್ಯಕ್ಕೆ ಸೇರಿದನು. ೧೮೧೫ರಲ್ಲಿ ಪಾಲಿಯು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡಳು.

ಆ ಬಳಿಕ ಅವನು ಎಲಿಜಬೆತ್ ಪ್ಯಾಟನ್ ಎಂಬ ವಿಧವೆಯನ್ನು ಮದುವೆಯಾದನು. ಅವಳು ಉತ್ತರ ಕರೋಲಿನದ ರಾಬರ್ಟ್ ಪ್ಯಾಟನನ ಮಗಳು; ಅವಳ ಮೊದಲ ಗಂಡನು ಕ್ರೀಕ್ ಯುದ್ಧದಲ್ಲಿ ಮಡಿದವನು; ಅವಳಿಗೆ ಅವನಿಂದ ಇಬ್ಬರು ಮಕ್ಕಳಿದ್ದರು. ಈ ವಿವಾಹದಿಂದ ೧೮೧೬ರಲ್ಲಿ ರಾಬರ್ಟ್ ಪ್ಯಾಟನ್, ೧೮೧೮ರಲ್ಲಿ ರೆಬೆಕ್ಕಾ ಎಲ್ವಿರಾ, ೧೮೨೧ರಲ್ಲಿ ಮಟಿಲ್ಡಾ ಎಂಬ ಮೂವರು ಹುಟ್ಟಿದರು. ಹೀಗೆ ಒಂದೇ ಮನೆಯಲ್ಲಿ ಮೂರು ದಾಂಪತ್ಯಗಳ ಎಂಟು ಮಕ್ಕಳು ಬೆಳೆದರು.

ಈ ಹೆಸರುಗಳನ್ನು ಪರೀಕ್ಷಿಸಿದರೆ ಒಂದು ಕ್ರಮ ಕಾಣುತ್ತದೆ. ಅಲ್ಸ್ಟರಿನಿಂದ ಬಂದ ಸ್ಕಾಟಿಷ್ ಮೂಲದವರಲ್ಲಿ ಮೊದಲನೆಯ ಮಗನಿಗೆ ಪಿತಾಮಹನ ಹೆಸರನ್ನೂ ಎರಡನೆಯವನಿಗೆ ಮಾತಾಮಹನ ಹೆಸರನ್ನೂ ಇಡುವ ವಾಡಿಕೆಯಿತ್ತು. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯನ್ನು ಬಲ್ಲ ಕನ್ನಡ ವಾಚಕರಿಗೆ ಇದು ಹೊಸದಾಗಿ ತೋರದು. ಡೇವಿಡನ ತಂದೆ ಜಾನ್. ಮೊದಲ ಮಗ ಜಾನ್. ಪಾಲಿಯ ತಂದೆ ವಿಲಿಯಂ ಫಿನ್ಲೀ. ಎರಡನೆಯ ಮಗ ವಿಲಿಯಂ. ಎಲಿಜಬೆತಳ ತಂದೆ ರಾಬರ್ಟ್ ಪ್ಯಾಟನ್. ಅವಳ ಮಗನಿಗೆ ಅದೇ ಹೆಸರು. ಡೇವಿಡನ ತಾಯಿ ರೆಬೆಕ್ಕಾ. ಅವನ ಮಗಳು ರೆಬೆಕ್ಕಾ. 'ವೆಸ್ಲಿ' ಎಂಬ ಉತ್ತರಪದವು ಮೆಥಡಿಸ್ಟ್ ಪಂಥದ ಸಂಸ್ಥಾಪಕನ ಸ್ಮರಣೆಯಾಗಿರಬಹುದು. ಇದು ಅನುಮಾನಪ್ರಮಾಣ, ಒಂದೊಂದು ಹೆಸರಿಗೆ ಬಲ ಕಡಿಮೆ, ಒಟ್ಟಾಗಿ ಬಲ ಹೆಚ್ಚು. ಆದರೆ ಮಕ್ಕಳ ಹೆಸರುಗಳಲ್ಲಿ ಫ್ರೆಂಚ್ ಸಂಪ್ರದಾಯದ ನೆನಪು ಎಲ್ಲಿಯೂ ಕಾಣುವುದಿಲ್ಲ.

೭. ಭೂಮಿಯೇ ಬರೆಸಿದ ವಂಶಾವಳಿ

೧೮೧೭ರ ಸುಮಾರಿಗೆ ಕುಟುಂಬವು ಲಾರೆನ್ಸ್ ಕೌಂಟಿಗೆ ಬಂದಿತು. ಅಲ್ಲಿ ಡೇವಿಡನು ಕಟ್ಟಿಸಿದ ಹಿಟ್ಟಿನ ಗಿರಣಿ, ಮದ್ದಿನ ಗಿರಣಿ, ಭಟ್ಟಿ ಎಲ್ಲವೂ ೧೮೨೧ರಲ್ಲಿ ನೆರೆಯಲ್ಲಿ ಕೊಚ್ಚಿಹೋದವು. ತಂದೆಗೆ ಒದಗಿದ ವಿಪತ್ತೇ ಮಗನಿಗೂ ಒದಗಿತು. ಅನಂತರ ಕುಟುಂಬವು ಸಂಸ್ಥಾನದ ಪಶ್ಚಿಮದ ಅಂಚಿನಲ್ಲಿ ಓಬಿಯನ್ ನದಿಯ ಪ್ರದೇಶಕ್ಕೆ ಸಾಗಿತು. ಅದು ೧೮೧೮ರ ಒಪ್ಪಂದದವರೆಗೆ ಚಿಕಸಾ ಜನರದಾಗಿದ್ದ ನೆಲ. ಹೀಗೆ ತಾತನು ಚೆರೊಕೀ ಭೂಮಿಯಲ್ಲಿ ಮನೆ ಕಟ್ಟಿದನು, ಮೊಮ್ಮಗನು ಚಿಕಸಾ ಭೂಮಿಯಲ್ಲಿ ಕಟ್ಟಿದನು.

ಅಲ್ಲಿನ ವಲಸೆಗಾರರಲ್ಲಿ ಅನೇಕರು ಕಾಡು ಕಡಿದು ಉಳುತ್ತಿದ್ದರೂ ಹಕ್ಕುಪತ್ರವಿಲ್ಲದವರಾಗಿದ್ದರು. ೧೮೨೭ರಿಂದ ೧೮೩೧ರ ವರೆಗೂ, ಪುನಃ ೧೮೩೩ರಿಂದ ೧೮೩೫ರ ವರೆಗೂ ಕಾಂಗ್ರೆಸಿನಲ್ಲಿದ್ದ ಡೇವಿಡನು ಇಂಥವರಿಗೆ ಅವರು ಉತ್ತ ಭೂಮಿಯು ದೊರೆಯಬೇಕೆಂಬ ಮಸೂದೆಗಾಗಿಯೇ ಹೆಣಗಿದನು. ಅದು ಅವನ ಕಾಲದಲ್ಲಿ ಅಂಗೀಕೃತವಾಗಲಿಲ್ಲ. ೧೮೩೭ರಿಂದ ೧೮೪೧ರ ವರೆಗೆ ಕಾಂಗ್ರೆಸಿನಲ್ಲಿ ಕುಳಿತ ಹಿರಿಯ ಮಗ ಜಾನ್ ವೆಸ್ಲಿಯು ೧೮೪೧ರಲ್ಲಿ ತಂದೆಯ ಮಸೂದೆಗೆ ಸಮೀಪವಾದ ಕಾನೂನೊಂದನ್ನು ಅಂಗೀಕಾರಗೊಳಿಸಿದನು. ಈ ವಂಶದಲ್ಲಿ ತಂದೆಯಿಂದ ಮಗನಿಗೆ ಬಂದ ಆಸ್ತಿಗಳಲ್ಲಿ ಇದೇ ಶ್ರೇಷ್ಠವಾದುದೆನ್ನಬಹುದು.

೧೮೩೫ರ ಚುನಾವಣೆಯಲ್ಲಿ ಸೋತ ಡೇವಿಡನು ಟೆಕ್ಸಸಿಗೆ ಹೊರಟನು. ೧೮೩೬ನೆಯ ಜನವರಿ ೯ರಂದು ಅವನು ಮಗಳಾದ ಮಾರ್ಗರೆಟಳಿಗೂ ಅಳಿಯನಿಗೂ ಬರೆದ ಕಾಗದದಲ್ಲಿ, ಆ ನೆಲದ ಫಲವತ್ತತೆಯನ್ನು ಹೊಗಳಿ ಕುಟುಂಬವನ್ನು ಅಲ್ಲಿ ನೆಲೆಗೊಳಿಸುವ ಆಸೆಯನ್ನು ತಿಳಿಸಿದ್ದಾನೆ. ಮಾರ್ಚ್ ೬ರಂದು ಅಲಮೊ ಕೋಟೆ ಬಿದ್ದಾಗ ಅವನು ಮಡಿದನು. ಯುದ್ಧದಲ್ಲಿ ಸತ್ತವರ ವಾರಸುದಾರರಿಗೆ ಟೆಕ್ಸಸ್ ಸರಕಾರವು ಭೂಮಿಯನ್ನು ಕೊಡುತ್ತಿತ್ತು. ಆ ಹಕ್ಕಿನ ಮೇಲೆ ವಿಧವೆಯಾದ ಎಲಿಜಬೆತಳು ಮಗ ರಾಬರ್ಟ್ ಪ್ಯಾಟನನೊಡನೆ ೧೮೫೦ರ ದಶಕದಲ್ಲಿ ಟೆಕ್ಸಸಿಗೆ ಹೋಗಿ, ಈಗಿನ ಹುಡ್ ಕೌಂಟಿಯ ಆಕ್ಟನ್ ಎಂಬಲ್ಲಿ ನೆಲೆಸಿದಳು. ೧೮೬೦ರಲ್ಲಿ ಅಲ್ಲಿಯೇ ತೀರಿಕೊಂಡಳು. ೧೯೧೧ರಲ್ಲಿ ಟೆಕ್ಸಸ್ ಶಾಸನಸಭೆಯು ಅವಳ ಸಮಾಧಿಗೆ ಸ್ಮಾರಕವನ್ನು ನಿಲ್ಲಿಸಲು ಹಣವನ್ನು ಮಂಜೂರುಮಾಡಿತು. ಆ ಸಮಾಧಿಯ ನೆಲವು ಆ ಸಂಸ್ಥಾನದ ಚಾರಿತ್ರಿಕ ಸ್ಥಳಗಳಲ್ಲೆಲ್ಲ ಅತ್ಯಂತ ಚಿಕ್ಕದು.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಮನೆತನದ ಹೆಸರುಗಳು ಇಂದು ತಿಳಿಯುವುದು ಕುಲಗೌರವಕ್ಕಾಗಿ ಯಾರೋ ಬರೆದಿಟ್ಟುದರಿಂದಲ್ಲ. ಭೂಮಿ ಬೇಕೆಂದು ವಿಜ್ಞಾಪಿಸಿದುದರಿಂದ ತಾತನ ಹೆಸರುಳಿಯಿತು; ಸಾಲಕ್ಕೆ ಭೂಮಿ ಹರಾಜಾದುದರಿಂದ ತಂದೆಯ ಹೆಸರುಳಿಯಿತು; ಮುಚ್ಚಳಿಕೆ ಬರೆದುದರಿಂದ ಮಗನ ವಿವಾಹದ ಕಾಲ ತಿಳಿಯಿತು; ವಾರಸುಹಕ್ಕಿನಿಂದ ಭೂಮಿ ಬಂದುದರಿಂದ ವಿಧವೆಯ ಹೆಸರು ಟೆಕ್ಸಸಿನ ದಾಖಲೆಗೆ ಬಂದಿತು. ಆ ಗಡಿನಾಡಿನಲ್ಲಿ ವಂಶಾವಳಿಯನ್ನು ಬರೆಸಿದ ಲೇಖಕನು ಆಸ್ತಿಯೇ.

೮. ವಂಶಾವಳಿಯ ಹೊರಗಿನವರು

ಆಸ್ತಿಯೇ ಲೇಖಕನಾದ ಮೇಲೆ, ಆಸ್ತಿಯಿಲ್ಲದವರನ್ನು ಅದು ಹ್ರಸ್ವವಾಗಿಯೂ, ಆಸ್ತಿಯೆಂದೇ ಎಣಿಸಲ್ಪಟ್ಟವರನ್ನು ವಿಕೃತವಾಗಿಯೂ ಬರೆಯುತ್ತದೆ. ಹತಳಾದ ಪಿತಾಮಹಿಯ ಹೆಸರು ವಟಾಗ ವಿಜ್ಞಾಪನೆಯಲ್ಲಿಲ್ಲ. ಜಾನನ ಮೂವರು ಹೆಣ್ಣುಮಕ್ಕಳು ಮಗನ ಗ್ರಂಥದಲ್ಲಿ ಒಂದು ಸಂಖ್ಯೆಯಾಗಿಯೇ ನಿಂತಿದ್ದಾರೆ. ಇವರಿಗಿಂತಲೂ ದೂರದಲ್ಲಿರುವ ಹೆಸರೊಂದಿದೆ. ಅದು ಅಡಲೈನ್.

೧೮೩೧ರಲ್ಲಿ, ಚುನಾವಣೆಯ ವೆಚ್ಚಗಳಿಂದಲೂ ಸಾಲದಿಂದಲೂ ಬಳಲುತ್ತಿದ್ದ ಡೇವಿಡ್ ಕ್ರಾಕೆಟನು ಅಡಲೈನ್ ಎಂಬ ಗುಲಾಮ ಹುಡುಗಿಯನ್ನು ತನ್ನ ಪತ್ನಿಯ ಸೋದರನಾದ ಜಾರ್ಜ್ ಪ್ಯಾಟನನಿಗೆ ಕ್ರಯಕ್ಕೆ ಕೊಟ್ಟನು. ಆ ಕ್ರಯಪತ್ರದ ಮೇಲೆ ಅವನು ಸ್ವಹಸ್ತದಿಂದ, ನೀನು ನಡೆಯುವುದು ಸರಿಯೆಂದು ಮೊದಲು ನಿಶ್ಚಯಿಸಿಕೊಂಡು ಬಳಿಕ ಮುಂದೆ ಸಾಗು ಎಂಬ ಅರ್ಥದ ತನ್ನ ಧ್ಯೇಯವಾಕ್ಯವನ್ನು ಬರೆದನು. ಆ ವಾಕ್ಯವು ಅಮೆರಿಕದಲ್ಲಿ ಮನೆಮಾತಾಗಿದೆ. ಅದನ್ನು ಬರೆದ ಕಾಗದವು ಏತರದೆಂಬುದನ್ನು ಬಲ್ಲವರು ವಿರಳ. ಇದೇ ಮನುಷ್ಯನು ಒಂದು ವರ್ಷದ ಹಿಂದೆ, ೧೮೩೦ರಲ್ಲಿ, ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆಗೆ ಸಾಗಿಸುವ ಕಾನೂನಿಗೆ ಟೆನೆಸ್ಸೀಯ ಪ್ರತಿನಿಧಿಗಳಲ್ಲಿ ತಾನೊಬ್ಬನೇ ವಿರುದ್ಧವಾಗಿ ಮತಕೊಟ್ಟವನು. ತಾತನನ್ನು ಕೊಂದ ಜನರ ಪರವಾಗಿ ನಿಂತ ಧೈರ್ಯವೂ, ಹುಡುಗಿಯೊಬ್ಬಳನ್ನು ಮಾರಿದ ನಿರ್ದಾಕ್ಷಿಣ್ಯವೂ ಒಬ್ಬನಲ್ಲಿಯೇ ಇದ್ದವು. ಇತಿಹಾಸವು ಎರಡನ್ನೂ ಹೇಳಬೇಕು.

ಅಡಲೈನಳ ತಂದೆತಾಯಿಗಳಾರೆಂದು ಕ್ರಯಪತ್ರವು ಹೇಳುವುದಿಲ್ಲ. ಹೇಳುವ ಅಗತ್ಯ ಅದಕ್ಕಿರಲಿಲ್ಲ. ಗುಲಾಮರ ವಿವಾಹವನ್ನು ಆ ಸಂಸ್ಥಾನಗಳ ಕಾನೂನು ಮನ್ನಿಸುತ್ತಿರಲಿಲ್ಲವಾದುದರಿಂದ ಅವರಿಗೆ ಮುಚ್ಚಳಿಕೆಗಳಿಲ್ಲ. ೧೮೫೦ರ ಗಣತಿಯಿಂದ ಸ್ವತಂತ್ರರಾದವರೆಲ್ಲರ ಹೆಸರುಗಳನ್ನೂ ಬರೆಯತೊಡಗಿದರು. ಆದರೆ ೧೮೫೦, ೧೮೬೦ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ವರ್ಣಗಳಷ್ಟೆ ಸಾಮಾನ್ಯವಾಗಿ ಕಾಣುತ್ತವೆ. ದಾಸ್ಯದಿಂದ ಬಿಡುಗಡೆ ಹೊಂದಿದವರೆಲ್ಲರ ಹೆಸರುಗಳು ಗಣತಿಯಲ್ಲಿ ಮೊದಲಬಾರಿ ಬಂದುದು ೧೮೭೦ರಲ್ಲಿ. ಆದುದರಿಂದ ಕಪ್ಪುಜನರ ವಂಶಾವಳಿಯನ್ನು ಹುಡುಕುವವರಿಗೆ ಆ ವರ್ಷವು ಒಂದು ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಆ ಗೋಡೆಯನ್ನು ದಾಟಲು ಅವರು ಬಿಡುಗಡೆ ಹೊಂದಿದವರಿಗಾಗಿ ೧೮೬೫ರಲ್ಲಿ ಸ್ಥಾಪಿತವಾದ ಸರಕಾರಿ ಇಲಾಖೆಯ ಕಡತಗಳನ್ನೂ, ಅದೇ ವರ್ಷ ಆರಂಭವಾಗಿ ೧೮೭೪ರಲ್ಲಿ ಮುಚ್ಚಿದ ಬ್ಯಾಂಕಿನ ಪುಸ್ತಕಗಳನ್ನೂ ಆಶ್ರಯಿಸುತ್ತಾರೆ. ಅವುಗಳಲ್ಲಿ ತಾಯಿ, ತಂದೆ, ಸೋದರ, ಹಳೆಯ ಒಡೆಯ ಮೊದಲಾದವರ ಹೆಸರುಗಳು ಅನೇಕವೇಳೆ ದೊರೆಯುತ್ತವೆ. ಅವಕ್ಕೂ ಹಿಂದೆ ಹೋಗಬೇಕಾದರೆ ಒಡೆಯರ ಕ್ರಯಪತ್ರಗಳೂ ಮರಣಶಾಸನಗಳೂ ಹೊರತು ಗತಿಯಿಲ್ಲ. ಒಂದು ಮನೆತನದ ಆಸ್ತಿಪತ್ರವೇ ಇನ್ನೊಂದು ಮನೆತನದ ಜನ್ಮಪತ್ರವಾಗುವುದು ಹೀಗೆ.

೯

ಮೇಲಿನ ವಿಚಾರದಿಂದ ಸಿದ್ಧವಾದುದನ್ನು ಸಂಗ್ರಹಿಸಬಹುದು. ಕ್ರಾಕೆಟ್ ವಂಶದಲ್ಲಿ ಪ್ರಮಾಣಸಿದ್ಧವಾದ ಕ್ರಮವು: ೧೭೭೭ರಲ್ಲಿ ಹತನಾದ ಡೇವಿಡ್, ಅವನ ಮಗ ಜಾನ್, ಸೊಸೆ ರೆಬೆಕ್ಕಾ ಹಾಕಿನ್ಸ್, ಅವರ ಮಗ ಡೇವಿಡ್, ಅವನ ಪತ್ನಿಯರಾದ ಪಾಲಿ ಫಿನ್ಲೀ ಮತ್ತು ಎಲಿಜಬೆತ್ ಪ್ಯಾಟನ್, ಅವರ ಆರು ಮಕ್ಕಳು. ಇದರ ಮೇಲಣ ಫ್ರೆಂಚ್ ಹೆಸರುಗಳು ಐತಿಹ್ಯವೆಂದು ಪ್ರತ್ಯೇಕವಾಗಿ ಬರೆಯತಕ್ಕವು. ೧೯೫೬ರಲ್ಲಿ ಜೇಮ್ಸ್ ಶ್ಯಾಕ್‌ಫರ್ಡನು ಡೇವಿಡನ ಚರಿತ್ರೆಯನ್ನು ಬರೆದು ಮನುಷ್ಯನನ್ನೂ ಕಥೆಯನ್ನೂ ಬೇರ್ಪಡಿಸಲು ಯತ್ನಿಸಿದನು; ಆ ಕೆಲಸವು ಅವನ ವಂಶಾವಳಿಗೂ ಸಲ್ಲತಕ್ಕುದು.

ವಂಶಾವಳಿಯನ್ನು ಉದ್ದಮಾಡುವುದರಿಂದ ಮನೆತನದ ಗೌರವ ಹೆಚ್ಚುವುದಿಲ್ಲ. ಫ್ರಾನ್ಸಿನ ಅರಮನೆಯನ್ನು ತೆಗೆದುಹಾಕಿದರೂ, ಕಿವುಡನಾದ ತಮ್ಮನನ್ನು ಹದಿನೇಳು ವರ್ಷಗಳ ಮೇಲೆ ಗುರುತಿಸಿ ಬಿಡಿಸಿಕೊಂಡ ಅಣ್ಣಂದಿರೂ, ತಂದೆಯ ಸಾಲಕ್ಕಾಗಿ ವರ್ಷವೊಂದನ್ನು ದುಡಿದ ಬಾಲಕನೂ, ತಂದೆ ಬಿಟ್ಟ ಮಸೂದೆಯನ್ನು ಮುಗಿಸಿದ ಮಗನೂ ಈ ವಂಶದಲ್ಲಿ ಉಳಿಯುತ್ತಾರೆ. ಇನ್ನು ಅದನ್ನು ವಿಸ್ತರಿಸಬೇಕೆಂದರೆ ಮೇಲಕ್ಕಲ್ಲ, ಪಕ್ಕಕ್ಕೆ ವಿಸ್ತರಿಸಬೇಕು. ೧೮೩೧ರ ಆ ಕ್ರಯಪತ್ರವನ್ನು ಧ್ಯೇಯವಾಕ್ಯಕ್ಕಾಗಿ ಓದುವವರು ಅದರಲ್ಲಿರುವ ಹೆಸರನ್ನೂ ಓದಿ, ಅಡಲೈನಳನ್ನು ಕ್ರಾಕೆಟ್ ಮನೆಯ ಚರಿತ್ರೆಯೊಳಗೆ ಅವಳ ಹೆಸರಿನಿಂದಲೇ ಬರೆದರೆ, ಆಗ ಆ ವಂಶಾವಳಿಯು ನಿಜಕ್ಕೆ ಇನ್ನೊಂದು ಹೆಜ್ಜೆ ಸಮೀಪವಾಗುವುದು.